ಹಳೆಯ ಅಡಿಗಲ್ಲನ್ನು ಹುಡುಕುವುದು, ಓದುವುದು, ಉಳಿಸುವುದು

ಹಳೆಯ ಅಡಿಗಲ್ಲು (ಕಮ್ಮಾರ ಕಾದ ಕಬ್ಬಿಣವನ್ನು ಮೇಲಿಟ್ಟು ಬಡಿಯುವ ಕಬ್ಬಿಣದ ದಿಮ್ಮಿ, ಇಂಗ್ಲಿಷಿನಲ್ಲಿ ಆ್ಯನ್ವಿಲ್) ಮನೆಗೆ ಬಂದ ದಿನ ಕೈ ಸುಮ್ನೆ ಕೂರುವುದಿಲ್ಲ. ತುಕ್ಕು ಕಾಣುತ್ತದೆ, ಒಡೆದ ಮೂಲೆ ಕಾಣುತ್ತದೆ, ಉಜ್ಜಿ ಹೊಸದರ ಹಾಗೆ ಮಾಡಿಬಿಡೋಣ ಅನಿಸುತ್ತದೆ. ನಾನೂ ಅದನ್ನೇ ಮಾಡಿದೆ. ನನ್ನ ಮೊದಲ ಅಡಿಗಲ್ಲಿನ ಪಕ್ಕಕ್ಕೆ ಗ್ರೈಂಡರ್ ಹಿಡಿದು ಉಜ್ಜುವ ಡಿಸ್ಕ್ ಓಡಿಸಿದೆ. ಹತ್ತು ನಿಮಿಷಕ್ಕೆ ತುಕ್ಕೆಲ್ಲ ಹೋಗಿ ಕಬ್ಬಿಣ ಬೆಳ್ಳಗೆ ಹೊಳೆಯಿತು. ಸಂಜೆ ಪಕ್ಕದಿಂದ ಟಾರ್ಚ್ ಬಿಟ್ಟು ನೋಡಿದಾಗ ಒಂದು 1, ಒಂದು ಚುಕ್ಕೆ, ಒಂದು 2 ಮಸುಕಾಗಿ ಕಂಡವು. ಅದರ ಮುಂದೆ ಇರಬೇಕಾಗಿದ್ದ ಮೂರನೇ ಅಂಕೆ ಇರಲಿಲ್ಲ. ಅದನ್ನು ಅಳಿಸಿದ್ದು ಕಾಲವಲ್ಲ, ನಾನು.

ಆ ಅಂಕೆಗಳ ಅರ್ಥ ಏನು ಅಂತ ಮುಂದೆ ಹೇಳುತ್ತೇನೆ. ಮೊದಲು ಒಂದು ಮಾತು: ಹಳೆಯ ಅಡಿಗಲ್ಲಿನ ವಿಷಯದಲ್ಲಿ ಎಷ್ಟು ಕಡಿಮೆ ಕೈ ಹಾಕುತ್ತೀರೋ ಅಷ್ಟು ಒಳ್ಳೆಯದು. ಕೆಳಗಿನ ಹೆಜ್ಜೆಗಳಲ್ಲಿ ನೋಡುವ, ಕೇಳುವ, ಬರೆದಿಡುವ ಕೆಲಸವೇ ಜಾಸ್ತಿ. ಉಜ್ಜುವುದು ಸ್ವಲ್ಪ.

ಮೈ ಪರಿಚಯ

ಸಾಮಾನ್ಯವಾಗಿ ನಾವು ಚಿತ್ರಗಳಲ್ಲಿ ನೋಡುವುದು ಇಂಗ್ಲೆಂಡಿನ ಮಾದರಿ. ಮೇಲಿನ ಸಪಾಟು ಭಾಗ ಮುಖ. ಮುಂದಕ್ಕೆ ಚಾಚಿರುವುದು ಕೊಂಬು. ಮುಖ ಮತ್ತು ಕೊಂಬಿನ ನಡುವೆ ಒಂದು ಚಿಕ್ಕ ಮೆಟ್ಟಿಲು ಇರುತ್ತದೆ. ಉಳಿಯಿಂದ ಕಬ್ಬಿಣ ಕತ್ತರಿಸುವಾಗ ಅದರ ಮೇಲಿಟ್ಟು ಕತ್ತರಿಸುತ್ತಾರೆ. ಆ ಜಾಗ ಬೇಕೆಂದೇ ಮೆತ್ತಗಿರುತ್ತದೆ, ಉಳಿಯ ಬಾಯಿ ಹಾಳಾಗಬಾರದು ಅಂತ. ಹಿಂದಕ್ಕೆ ಚಾಚಿರುವುದು ಹಿಮ್ಮಡಿ. ಅಲ್ಲಿ ಎರಡು ತೂತು. ಚೌಕದ ತೂತಿಗೆ ಬೇರೆ ಬೇರೆ ಉಪಕರಣ ಸಿಕ್ಕಿಸುತ್ತಾರೆ. ದುಂಡನೆಯ ಚಿಕ್ಕ ತೂತು ಬಿಸಿ ಕಬ್ಬಿಣಕ್ಕೆ ತೂತು ಹೊಡೆಯುವಾಗ ಮೊಳೆ ಆಚೆ ದಾಟಲು. ಕೆಳಗೆ ಸೊಂಟ, ಅದರ ಕೆಳಗೆ ಪಾದ.

ಎಲ್ಲ ಅಡಿಗಲ್ಲೂ ಹೀಗೇ ಇರುವುದಿಲ್ಲ. ಯುರೋಪಿನ ಹಲವು ದೇಶಗಳಲ್ಲಿ ಎರಡೂ ಕಡೆ ಕೊಂಬಿರುವ ಮಾದರಿ ಬಳಕೆಯಲ್ಲಿತ್ತು, ಒಂದು ದುಂಡು, ಇನ್ನೊಂದು ಚೌಕ. ಜಪಾನಿನಲ್ಲಿ ಕತ್ತಿ ಮಾಡುವವರ ಅಡಿಗಲ್ಲಿಗೆ ಕೊಂಬೇ ಇಲ್ಲ, ಅದೊಂದು ಉದ್ದನೆಯ ಉಕ್ಕಿನ ದಿಮ್ಮಿ. ಹಾಗಾಗಿ ಕೊಂಬಿಲ್ಲ ಅಂದ ಮಾತ್ರಕ್ಕೆ ಮುರಿದಿದೆ ಅಂದುಕೊಳ್ಳಬೇಡಿ.

ಯಾವ ಬಗೆಯದ್ದು ಅಂತ ತಿಳಿಯುವುದು

ಪರೀಕ್ಷೆ ಮಾಡುವ ಮೊದಲೇ ಇದು ಗೊತ್ತಿರಬೇಕು. ಇಲ್ಲವಾದರೆ ಒಳ್ಳೆಯ ಅಡಿಗಲ್ಲನ್ನು ಕೆಟ್ಟದ್ದು ಅಂತ ಬಿಟ್ಟು ಬರುತ್ತೀರಿ.

19ನೇ ಶತಮಾನದ ಇಂಗ್ಲೆಂಡಿನ ಅಡಿಗಲ್ಲುಗಳ ಮೈ ಮೆತು ಕಬ್ಬಿಣದ್ದು, ಅಂದರೆ ಕಾಯಿಸಿ ಬಡಿದು ಆಕಾರ ಕೊಡಬಲ್ಲ ಮೆತ್ತನೆಯ ಕಬ್ಬಿಣದ್ದು. ಅದರ ಮೇಲೆ ಗಟ್ಟಿ ಉಕ್ಕಿನ ಹಲಗೆಯನ್ನು ಕುಲುಮೆಯಲ್ಲೇ ಕಾಯಿಸಿ, ಬಡಿದು ಬೆಸೆದಿರುತ್ತಾರೆ. ಈ ಹಲಗೆಯ ದಪ್ಪ ಸುಮಾರು 10ರಿಂದ 20 ಮಿ.ಮೀ. ಅಷ್ಟೇ. ಅಡಿಗಲ್ಲಿನ ಜೀವವೆಲ್ಲ ಅದರಲ್ಲೇ ಇದೆ. ಶೆಫೀಲ್ಡಿನ ಮೌಸ್‌ಹೋಲ್ ಫೋರ್ಜ್, ಡಡ್ಲಿಯ ಪೀಟರ್ ರೈಟ್ ಕಂಪನಿಗಳು ಈ ಬಗೆಯಲ್ಲಿ ಹೆಸರಾದವು. ಅಮೆರಿಕದಲ್ಲಿ ಬ್ರೂಕ್ಲಿನ್‌ನ ಹೇ-ಬಡನ್ ಮತ್ತು ಒಹಾಯೊದ ಕೊಲಂಬಸ್‌ನಲ್ಲಿ ತಯಾರಾದ ಟ್ರೆಂಟನ್ ಗುರುತಿನವೂ ಬಡಿದು ಮಾಡಿದವೇ.

ಎರಡನೇ ಬಗೆಯಲ್ಲಿ ಮೈ ಬೀಡು ಕಬ್ಬಿಣದ ಎರಕ, ಮುಖಕ್ಕೆ ಮಾತ್ರ ಉಕ್ಕಿನ ಹಲಗೆ. ನ್ಯೂಜೆರ್ಸಿಯ ಟ್ರೆಂಟನ್ ಊರಿನ ಫಿಶರ್ ಅಂಡ್ ನಾರಿಸ್ ಕಂಪನಿಯ ಹದ್ದಿನ ಗುರುತಿನ ಅಡಿಗಲ್ಲುಗಳು ಹೀಗಿವೆ. (ಟ್ರೆಂಟನ್ ಅನ್ನುವ ಊರೇ ಬೇರೆ, ಟ್ರೆಂಟನ್ ಗುರುತಿನ ಅಡಿಗಲ್ಲೇ ಬೇರೆ. ತುಂಬಾ ಜನ ಇಲ್ಲಿ ತಪ್ಪುತ್ತಾರೆ.)

ಮೂರನೇ ಬಗೆ ಇಡಿಯಾಗಿ ಉಕ್ಕಿನಲ್ಲೇ ಎರಕ ಹೊಯ್ದದ್ದು. ಸ್ವೀಡನ್ನಿನ ಕೋಲ್ಸ್‌ವಾ ಮತ್ತು ಸೋಡರ್‌ಫೋರ್ಸ್ ಇದಕ್ಕೆ ಪ್ರಸಿದ್ಧ.

ಇನ್ನೊಂದಿದೆ. ನೋಡಲು ಅಡಿಗಲ್ಲಿನ ಆಕಾರ, ಒಳಗೆಲ್ಲ ಬರೀ ಬೀಡು ಕಬ್ಬಿಣ, ಮೇಲೆ ಉಕ್ಕಿನ ಹಲಗೆ ಇಲ್ಲ. ಅದಕ್ಕೆ ಬಣ್ಣ ಬಳಿದು, ಸ್ವಲ್ಪ ತುಕ್ಕು ಹಿಡಿಸಿ ಹಳೆಯದು ಅಂತ ಮಾರುವವರಿದ್ದಾರೆ. ಎರಡು ಅರೆ ಅಚ್ಚು ಸೇರಿದ ಗೆರೆ ಸೊಂಟದ ಮೇಲೆ ಉದ್ದಕ್ಕೂ ಕಂಡರೆ ಕೂಡಲೇ ಎಚ್ಚರವಾಗಿ, ಮುಂದಿನ ಪರೀಕ್ಷೆ ಮಾಡಿ.

ಕೊಳ್ಳುವ ಮುಂಚೆ: ಗುಂಡು, ಸುತ್ತಿಗೆ, ಸೀಮೆಎಣ್ಣೆ

ಜೊತೆಗೆ ಇವಿಷ್ಟು ಒಯ್ಯಿರಿ: ಸುಮಾರು 25 ಮಿ.ಮೀ. ಅಗಲದ ಉಕ್ಕಿನ ಬೇರಿಂಗ್ ಗುಂಡು, 30 ಸೆಂ.ಮೀ. ಸ್ಕೇಲು, ಚಿಕ್ಕ ಸುತ್ತಿಗೆ, ಒಂದು ಸಣ್ಣ ಅರ, ಸೀಸೆಯಲ್ಲಿ ಸ್ವಲ್ಪ ಸೀಮೆಎಣ್ಣೆ, ಸೀಮೆಸುಣ್ಣದ ಪುಡಿ, ಟಾರ್ಚ್, ಬಟ್ಟೆ. ಮಾರುವವರ ಒಪ್ಪಿಗೆ ಕೇಳಿಯೇ ಪರೀಕ್ಷೆ ಮಾಡಿ.

ಮೊದಲು ಗುಂಡು. ಸ್ಕೇಲನ್ನು ಮುಖದ ಮೇಲೆ ನೆಟ್ಟಗೆ ನಿಲ್ಲಿಸಿ. 25 ಸೆಂ.ಮೀ. ಎತ್ತರದಿಂದ ಗುಂಡನ್ನು ತಳ್ಳದೆ, ಸುಮ್ನೆ ಬೆರಳು ಬಿಡಿಸಿ ಬೀಳಿಸಿ. ಎಷ್ಟು ಮೇಲೆ ಎದ್ದಿತು ನೋಡಿ. 18ರಿಂದ 20 ಸೆಂ.ಮೀ. ಎದ್ದರೆ ಮುಖ ಗಟ್ಟಿಯಾಗಿದೆ. 12 ಸೆಂ.ಮೀ.ಗೂ ಏಳದಿದ್ದರೆ ಅನುಮಾನ ಪಡಿ. ಬರೀ ಬೀಡು ಕಬ್ಬಿಣವಾದರೆ ಗುಂಡು ಸತ್ತ ಹಾಗೆ ಬೀಳುತ್ತದೆ. ಆದರೆ ಒಂದೇ ಕಡೆ ಬೀಳಿಸಿ ತೀರ್ಮಾನ ಮಾಡಬೇಡಿ. ತುಕ್ಕಿನ ಮೇಲೆ ಬಿದ್ದರೆ ಕಡಿಮೆ ಏಳುತ್ತದೆ, ಆದ್ದರಿಂದ ಬಟ್ಟೆಯಲ್ಲಿ ಒರೆಸಿದ ಜಾಗದಲ್ಲಿ ನೋಡಿ. ಮುಖದ ಉದ್ದಕ್ಕೂ ಐದಾರು ಕಡೆ ಬೀಳಿಸಿ. ಹಿಮ್ಮಡಿಯ ತುದಿಯಲ್ಲಿ ಸ್ವಲ್ಪ ಕಡಿಮೆ ಬರುವುದು ಸಹಜ, ಕೆಳಗೆ ಆಸರೆ ಇಲ್ಲ ಅಲ್ವಾ. ನಡುವೆ ಒಂದು ಕಡೆ ಮಾತ್ರ ಥಟ್ಟನೆ ಕಡಿಮೆಯಾದರೆ ಅಲ್ಲಿ ಹಲಗೆ ಕೆಳಗಿನ ಮೈಯಿಂದ ಬಿಟ್ಟಿರಬಹುದು.

ಆ ಅನುಮಾನ ಬಂದ ಜಾಗಕ್ಕೆ ಸುತ್ತಿಗೆ. ಚಿಕ್ಕ ಸುತ್ತಿಗೆಯಿಂದ ಎರಡೆರಡು ಬೆರಳು ಜಾಗ ಬಿಟ್ಟು ಮೆಲ್ಲಗೆ ತಟ್ಟುತ್ತಾ ಹೋಗಿ. ಜೋರು ಬೇಡ, ಕಿವಿ ಕೊಟ್ಟರೆ ಸಾಕು. ಬಡಿದು ಮಾಡಿದ ಅಡಿಗಲ್ಲು, ಉಕ್ಕಿನ ಎರಕದ ಅಡಿಗಲ್ಲು ಗಂಟೆಯ ಹಾಗೆ ನಾದ ಕೊಡುತ್ತವೆ. ನಾದ ಬರುತ್ತಾ ಬರುತ್ತಾ ಒಂದು ಕಡೆ ಮಂಕಾಗಿ, ಒಡೆದ ಮಡಕೆಯ ಸದ್ದು ಬಂದರೆ ಒಳಗೆ ಬಿರುಕಿದೆ. ಆದರೆ ಫಿಶರ್ ಅಡಿಗಲ್ಲು ಎಲ್ಲಿ ತಟ್ಟಿದರೂ ಮಂಕು ಸದ್ದೇ. ಅದು ದೋಷವಲ್ಲ, ಬೀಡಿನ ಮೈಯ ಗುಣ. ಸದ್ದಿಲ್ಲ ಅಂತ ಬಿಟ್ಟುಬಂದ ಒಳ್ಳೆಯ ಫಿಶರ್‌ಗಳು ಎಷ್ಟೋ. ಅಂಥದ್ದರಲ್ಲಿ ಗುಂಡನ್ನು ನಂಬಿ, ಕಿವಿಯನ್ನಲ್ಲ.

ಬಿರುಕು ಎಲ್ಲಿಂದ ಎಲ್ಲಿಗಿದೆ ಅಂತ ಕಣ್ಣಾರೆ ನೋಡಬೇಕೆ? ಹಲಗೆ ಮತ್ತು ಮೈ ಸೇರುವ ಗೆರೆಯ ಉದ್ದಕ್ಕೂ ಸೀಮೆಎಣ್ಣೆ ಹಚ್ಚಿ. ಅರ್ಧ ಗಂಟೆ ಬಿಡಿ. ಒಣಬಟ್ಟೆಯಿಂದ ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿ. ಮೊದಲು ಎಲ್ಲ ಬಿಳಿಯಾಗಿ ಒಣಗಿರುತ್ತದೆ. ಸ್ವಲ್ಪ ಹೊತ್ತಾದ ಮೇಲೆ ಬಿರುಕಿನೊಳಗೆ ಇಳಿದಿದ್ದ ಎಣ್ಣೆ ಮೇಲಕ್ಕೆ ಬಂದು, ಬಿಳಿ ಪುಡಿಯಲ್ಲಿ ಕೂದಲೆಳೆಯಷ್ಟು ಸಣ್ಣ ಒದ್ದೆ ಗೆರೆ ಮೂಡುತ್ತದೆ. ಅದು ಎಲ್ಲಿ ನಿಲ್ಲುತ್ತದೋ ಬಿರುಕು ಸುಮಾರಾಗಿ ಅಲ್ಲಿಗೆ ನಿಂತಿದೆ. ಎಷ್ಟು ಸಲ ಮಾಡಿದರೂ ಈ ಗೆರೆ ಮೂಡುವುದನ್ನು ನಾನು ಉಸಿರು ಬಿಗಿಹಿಡಿದೇ ನೋಡುತ್ತೇನೆ.

ಅರ ಕೊನೆಗೆ. ಮುಖದ ಅಂಚಿನಲ್ಲಿ, ಕಣ್ಣಿಗೆ ಬೀಳದ ಕಡೆ, ಒಂದೇ ಒಂದು ಸಲ ಮೆಲ್ಲಗೆ ಎಳೆಯಿರಿ. ಅರ ಜಾರಿದರೆ ಮುಖ ಗಟ್ಟಿ. ಕಚ್ಚಿದರೆ ಮೆತ್ತಗಾಗಿದೆ. ಬೆಂಕಿ ಬಿದ್ದ ಕಟ್ಟಡದಲ್ಲಿ ಸಿಕ್ಕಿಕೊಂಡ ಅಡಿಗಲ್ಲು ಹೀಗಾಗುತ್ತದೆ. ಆಕಾರ ಸರಿಯಾಗಿರುತ್ತದೆ, ನಾದವೂ ಬರುತ್ತದೆ, ಆದರೆ ಕಾದು ನಿಧಾನವಾಗಿ ಆರಿದ್ದರಿಂದ ಉಕ್ಕಿನ ಹದ ಹೋಗಿರುತ್ತದೆ. ಸಂಗ್ರಹಕ್ಕೆ ಅಡ್ಡಿಯಿಲ್ಲ, ಕೆಲಸಕ್ಕೆ ಬರುವುದಿಲ್ಲ.

ಮುಖ ನಡುವೆ ಒಂದೆರಡು ಮಿ.ಮೀ. ತಗ್ಗಿದ್ದರೆ, ಅಂಚು ಅಲ್ಲಲ್ಲಿ ಚಕ್ಕೆ ಎದ್ದಿದ್ದರೆ ಹಿಂಜರಿಯಬೇಡಿ. ಅದು ಕೆಲಸ ಮಾಡಿದ ಗುರುತು. ಹಲಗೆ ಬಿಟ್ಟಿರುವುದು, ಹಿಮ್ಮಡಿ ಮುರಿದಿರುವುದು, ಮುಖವನ್ನು ಯಂತ್ರಕ್ಕೆ ಕೊಟ್ಟು ತೆಳ್ಳಗೆ ಮಾಡಿರುವುದು, ಈ ಮೂರು ಮಾತ್ರ ನನ್ನ ಲೆಕ್ಕದಲ್ಲಿ ದೊಡ್ಡ ದೋಷ.

ಮೈ ಮೇಲಿನ ಬರಹ ಓದುವುದು

ನನಗೆ ಇದರಷ್ಟು ಇಷ್ಟವಾದ ಕೆಲಸ ಇನ್ನೊಂದಿಲ್ಲ. ಆತುರ ಬೇಡ, ಒಂದು ಸಂಜೆ ಪೂರ್ತಿ ಇಡಿ.

ಕೈಯಿಂದ ತಿಕ್ಕುವ ತಂತಿ ಬ್ರಷ್‌ನಲ್ಲಿ ಸಡಿಲ ತುಕ್ಕನ್ನಷ್ಟೇ ಉದುರಿಸಿ. ದೀಪ ಆರಿಸಿ. ಟಾರ್ಚನ್ನು ಸೊಂಟಕ್ಕೆ ತಾಗುವ ಹಾಗೆ ಪಕ್ಕಕ್ಕೆ ಹಿಡಿದು ಬೆಳಕನ್ನು ಮೈ ಸವರಿಕೊಂಡು ಹೋಗಲು ಬಿಡಿ. ಎದುರಿನಿಂದ ನೋಡಿದರೆ ಏನೂ ಇಲ್ಲದ ಕಡೆ ನೆರಳಿನಲ್ಲಿ ಅಕ್ಷರ ಏಳುತ್ತವೆ. ಟಾರ್ಚನ್ನು ನಾಲ್ಕೂ ದಿಕ್ಕಿನಿಂದ ಹಿಡಿಯಿರಿ, ಏಕೆಂದರೆ ಒಂದು ಕಡೆಯ ಬೆಳಕಿಗೆ ಕಾಣದ ಗೀಟು ಇನ್ನೊಂದು ಕಡೆಯ ಬೆಳಕಿಗೆ ಕಾಣುತ್ತದೆ. ಆಮೇಲೆ ಸೀಮೆಸುಣ್ಣವನ್ನು ಅಡ್ಡ ಹಿಡಿದು ಉಜ್ಜಿ, ಅಥವಾ ತೆಳು ಕಾಗದ ಅಂಟಿಸಿ ಮೇಲೆ ಇದ್ದಿಲು ಉಜ್ಜಿ. ಕೆಲವು ಸಲ ಕಣ್ಣಿಗಿಂತ ಬೆರಳ ತುದಿಗೇ ಬೇಗ ಸಿಗುತ್ತದೆ.

ಇಂಗ್ಲೆಂಡಿನದಾದರೆ ಸಾಮಾನ್ಯವಾಗಿ ಮೂರು ಅಂಕೆ ಇರುತ್ತವೆ, ನಡುವೆ ಚುಕ್ಕೆ ಅಥವಾ ಗೀಟು. ಅದು ತೂಕ, ವರ್ಷ ಅಲ್ಲ. 1·2·10 ಅಂತ ಇದ್ದರೆ 1210ನೇ ಇಸವಿ ಅಂತಲೋ, 121 ಕಿಲೋ ಅಂತಲೋ ಹೇಳುವವರು ಸಿಗುತ್ತಾರೆ. ನಿಜವಾದ ಲೆಕ್ಕ ಹೀಗಿದೆ: ಮೊದಲ ಅಂಕೆಯನ್ನು 112ರಿಂದ ಗುಣಿಸಿ, ಎರಡನೆಯದನ್ನು 28ರಿಂದ ಗುಣಿಸಿ, ಮೂರನೆಯದನ್ನು ಹಾಗೇ ಕೂಡಿ. 112 + 56 + 10, ಒಟ್ಟು 178 ಪೌಂಡ್. ಒಂದು ಪೌಂಡ್ ಅಂದರೆ 0.4536 ಕಿಲೋ, ಹಾಗಾಗಿ ಸುಮಾರು 80.7 ಕಿಲೋ. ಎರಡನೇ ಅಂಕೆ 3 ದಾಟುವುದಿಲ್ಲ, ಮೂರನೆಯದು 27 ದಾಟುವುದಿಲ್ಲ. ದಾಟಿದ್ದರೆ ಅದು ಬೇರೆ ಲೆಕ್ಕ. ಅಮೆರಿಕದಲ್ಲಿ ಮಾಡಿದವುಗಳಲ್ಲಿ ಸಾಮಾನ್ಯವಾಗಿ ನೇರವಾಗಿ ಪೌಂಡ್ ಇರುತ್ತದೆ.

ಈಗ ನನ್ನ ಅಡಿಗಲ್ಲಿಗೆ ಬರೋಣ. 1·2· ಅಷ್ಟೇ ಉಳಿದಿತ್ತು. ತೂಕಕ್ಕೆ ಹಾಕಿದೆ, 80.5 ಕಿಲೋ ಬಂತು. ಅಂದರೆ 177.5 ಪೌಂಡ್. ಅದರಲ್ಲಿ 168 ಕಳೆದರೆ ಒಂಬತ್ತೂವರೆ. ಹಾಗಾದರೆ ಅಳಿದ ಅಂಕೆ 9 ಅಥವಾ 10. ಸವೆದು ಸ್ವಲ್ಪ ತೂಕ ಹೋಗಿದೆ ಅಂದರೆ 11 ಕೂಡ ಇದ್ದಿರಬಹುದು. ಇಷ್ಟರ ಮೇಲೆ ಹೇಳಲಾಗುವುದಿಲ್ಲ.

ಹೆಸರು ಪೂರ್ತಿ ಅಳಿಸಿದ್ದರೂ ಮೈಯೇ ಸುಳಿವು ಕೊಡುತ್ತದೆ. ಪೀಟರ್ ರೈಟ್‌ನ ಪಾದಗಳ ಮೇಲೆ, ಮುಂದೆ ಮತ್ತು ಹಿಂದೆ, ಚಿಕ್ಕ ಸಪಾಟು ಕಟ್ಟೆ ಇರುತ್ತದೆ. ಹೇ-ಬಡನ್ ಅನ್ನು ಮಗುಚಿ ನೋಡಿದರೆ ತಳದಲ್ಲಿ ಡಮರುವಿನ ಆಕಾರದ ತಗ್ಗು. ಹೇ-ಬಡನ್ ಮತ್ತು ಟ್ರೆಂಟನ್‌ಗಳಿಗೆ ಮುಂದಿನ ಪಾದದ ಮೇಲೆ ಕ್ರಮಸಂಖ್ಯೆಯೂ ಉಂಟು, ಅದರಿಂದ ಯಾವ ಕಾಲದ್ದು ಅಂತ ಅಂದಾಜು ಮಾಡುತ್ತಾರೆ. ದುಂಡು ತೂತು ಇಲ್ಲವೇ ಇಲ್ಲ, ಸೊಂಟ ದಪ್ಪ, ಹಿಮ್ಮಡಿ ಮೊಂಡು ಅಂದರೆ ಸಾಮಾನ್ಯವಾಗಿ 1830ಕ್ಕಿಂತ ಹಿಂದಿನದು. ಸೊಂಟದಲ್ಲಿ, ತಳದಲ್ಲಿ ಕಾಣುವ ಚೌಕ ಗುಳಿಗಳನ್ನು ಯಾರೋ ಹಾಳು ಮಾಡಿದ್ದು ಅಂದುಕೊಳ್ಳಬೇಡಿ. ಕೆಂಪಗೆ ಕಾದ ಅಷ್ಟು ದೊಡ್ಡ ಗಟ್ಟಿಯನ್ನು ಸರಳು ಸಿಕ್ಕಿಸಿ ಹಿಡಿದು ತಿರುಗಿಸಲು ಮಾಡಿದ ಗುಳಿಗಳು ಅವು.

ಸವೆತವನ್ನೂ ಓದಿ. ಅಂಚು ಒಂದೇ ಪಕ್ಕದಲ್ಲಿ ಹೆಚ್ಚು ಸವೆದಿದ್ದರೆ ಕಮ್ಮಾರ ಯಾವ ಕಡೆ ನಿಲ್ಲುತ್ತಿದ್ದ ಅಂತ ಗೊತ್ತಾಗುತ್ತದೆ. ಮೆಟ್ಟಿಲಿನ ಮೇಲೆ ಉಳಿಯ ಗಾಯಗಳು ಒಂದರ ಪಕ್ಕ ಒಂದು ಇರುತ್ತವೆ. ಬೆರಳಾಡಿಸಿ ನೋಡಿ, ಪ್ರತಿಯೊಂದೂ ಯಾವುದೋ ಒಂದು ಕಬ್ಬಿಣ ತುಂಡಾದ ಕ್ಷಣ. ಉಜ್ಜುವ ಡಿಸ್ಕಿಗೆ ಇದೆಲ್ಲ ಬರೀ ಉಬ್ಬುತಗ್ಗು.

ಸಾಗಿಸುವುದು

ಒಬ್ಬರೇ ಎತ್ತಬೇಡಿ. 80 ಕಿಲೋ ಚಿಕ್ಕ ಜಾಗದಲ್ಲಿ ಇರುವುದರಿಂದ ಹಗುರ ಅನಿಸುತ್ತದೆ, ಕೈ ಜಾರಿದರೆ ಪಾದ ಉಳಿಯುವುದಿಲ್ಲ. ಮರದ ಹಲಗೆಯನ್ನು ಇಳಿಜಾರಾಗಿ ಹಾಕಿ ಜಾರಿಸಿ, ಅಥವಾ ಪೈಪುಗಳ ಮೇಲೆ ಉರುಳಿಸಿ. ಗಾಡಿಯಲ್ಲಿ ಪಾದ ಮೇಲೆ ಮಾಡಿ ಮಗುಚಿಟ್ಟರೆ ಉರುಳುವುದು ಕಡಿಮೆ ಅಂತ ಕೆಲವರು ಹೇಳುತ್ತಾರೆ. ನಾನು ಒಂದು ಪಕ್ಕಕ್ಕೆ ಮಲಗಿಸಿ, ಕೆಳಗೆ ಗೋಣಿಚೀಲ ಹಾಸಿ, ಎರಡು ಕಡೆಯಿಂದ ಬಿಗಿದು ಕಟ್ಟುತ್ತೇನೆ.

ತುಕ್ಕು ತೆಗೆಯುವುದು

ತುಕ್ಕಿನಲ್ಲಿ ಎರಡು ಬಗೆ. ಕಿತ್ತಳೆ ಬಣ್ಣದ, ಬೆರಳಿಗೆ ಪುಡಿ ಹತ್ತುವ ತುಕ್ಕು ಹೋಗಬೇಕು. ಗಾಢ ಕಂದು, ಕಪ್ಪಿಗೆ ತಿರುಗಿದ, ಉಗುರಿಗೆ ಗಟ್ಟಿ ಹತ್ತುವ ಪದರ ಇರಲಿ ಬಿಡಿ. ಅಷ್ಟು ವರ್ಷಗಳ ಕೈ, ಎಣ್ಣೆ, ಹೊಗೆ ಸೇರಿ ಆದ ಬಣ್ಣ ಅದು. ಒಮ್ಮೆ ಹೋದರೆ ಮತ್ತೆ ತರಲಾಗದು.

ಹಳೆಯ ಬಣ್ಣ ಬಳಿದಿದ್ದರೆ ಒಣಗಿದ್ದಾಗ ಉಜ್ಜಬೇಡಿ. ಹಳೆಯ ಬಣ್ಣಗಳಲ್ಲಿ ಸೀಸ ಇರಬಹುದು, ಆ ಧೂಳು ಒಳಗೆ ಹೋಗಬಾರದು.

ಸೀಮೆಎಣ್ಣೆ ಹಚ್ಚಿ ಒಂದು ರಾತ್ರಿ ಬಿಡಿ. ಮರುದಿನ ಕೈ ಬ್ರಷ್‌ನಲ್ಲಿ ತಿಕ್ಕಿ, ಬಟ್ಟೆಯಲ್ಲಿ ಒರೆಸಿ. ಬೇಕಾದರೆ ಇನ್ನೊಮ್ಮೆ ಮಾಡಿ. ಹತ್ತರಲ್ಲಿ ಎಂಟು ಅಡಿಗಲ್ಲಿಗೆ ನನಗೆ ಇಷ್ಟೇ ಸಾಕಾಗಿದೆ. ಬರಹ ಇರುವ ಜಾಗಕ್ಕೆ ಹಿತ್ತಾಳೆ ತಂತಿಯ ಬ್ರಷ್ ಒಳ್ಳೆಯದು, ಕಬ್ಬಿಣಕ್ಕೆ ಗೀರು ಬೀಳುವುದಿಲ್ಲ.

ತುಕ್ಕು ದಪ್ಪ ಚಕ್ಕೆಯಾಗಿ ಕೂತಿದ್ದರೆ ಮಾತ್ರ ಕರೆಂಟಿನ ದಾರಿ. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ 10 ಲೀಟರ್ ನೀರಿಗೆ ಮೂರು ದೊಡ್ಡ ಚಮಚದ ಲೆಕ್ಕದಲ್ಲಿ ವಾಷಿಂಗ್ ಸೋಡಾ ಕರಗಿಸಿ, ಅಡಿಗಲ್ಲನ್ನೂ ಒಂದು ತಗಡನ್ನೂ ಅದರಲ್ಲಿ ಮುಳುಗಿಸಿ. 12 ವೋಲ್ಟ್ ಬ್ಯಾಟರಿ ಚಾರ್ಜರಿನ ಮೈನಸ್ ತಂತಿ ಅಡಿಗಲ್ಲಿಗೆ, ಪ್ಲಸ್ ತಂತಿ ಬೇಡದ ಸಾದಾ ಕಬ್ಬಿಣದ ತಗಡಿಗೆ. ಇದು ಅದಲು ಬದಲಾದರೆ ಅಡಿಗಲ್ಲೇ ಕರಗುತ್ತದೆ, ಎರಡು ಸಲ ನೋಡಿ. ತಗಡು ಮತ್ತು ಅಡಿಗಲ್ಲು ಒಂದಕ್ಕೊಂದು ತಾಗಬಾರದು. ತಗಡಿನ ಜಾಗಕ್ಕೆ ಸ್ಟೇನ್‌ಲೆಸ್ ಸ್ಟೀಲ್ ಯಾವತ್ತೂ ಬೇಡ, ವಿಷಕಾರಿ ಕ್ರೋಮಿಯಂ ನೀರಿಗೆ ಬಿಡುತ್ತದೆ. ಗುಳ್ಳೆಗಳಲ್ಲಿ ಏಳುವುದು ಹೈಡ್ರೋಜನ್, ಬೆಂಕಿ ಹತ್ತುವ ಅನಿಲ. ಬಯಲಿನಲ್ಲಿ ಮಾಡಿ, ಹತ್ತಿರ ಕಿಡಿ ಬೇಡ, ಸ್ವಿಚ್ ಆರಿಸಿಯೇ ತಂತಿ ಮುಟ್ಟಿ. ತಗಡಿಗೆ ಎದುರಾಗಿರುವ ಪಕ್ಕದ ತುಕ್ಕು ಮಾತ್ರ ಚೆನ್ನಾಗಿ ಬಿಡುವುದರಿಂದ ಅಡಿಗಲ್ಲನ್ನು ಆಗಾಗ ತಿರುಗಿಸಬೇಕು. ಹೊರಗೆ ತೆಗೆದ ಕೂಡಲೇ ತೊಳೆದು, ಒಣಗಿಸಿ, ಎಣ್ಣೆ ಹಚ್ಚಿ. ಕೆಲವೇ ನಿಮಿಷ ತಡಮಾಡಿದರೂ ಹೊಸ ತುಕ್ಕು ಹೊಂಬಣ್ಣದಲ್ಲಿ ಹಬ್ಬುತ್ತದೆ.

ಆ್ಯಸಿಡ್ ಬೇಡ. ಅದು ಅಕ್ಷರದ ಅಂಚನ್ನು ತಿನ್ನುತ್ತದೆ, ಗಟ್ಟಿ ಉಕ್ಕನ್ನು ಪೆಡಸು ಮಾಡಬಹುದು. ಮರಳು ಹೊಡೆಸುವುದೂ ಬೇಡ.

ಮುಖವನ್ನು ಮಟ್ಟ ಮಾಡಿಸಬೇಡಿ

ಇದನ್ನು ಬೇರೆ ತಲೆಬರಹದಲ್ಲಿ ಬರೆಯುತ್ತಿರುವುದು ಬೇಕೆಂದೇ. ಹಲಗೆಯ ದಪ್ಪ 12 ಮಿ.ಮೀ. ಅಂದುಕೊಳ್ಳಿ. ಮೂರು ಮಿ.ಮೀ. ತಗ್ಗು ಹೋಗಲಿ ಅಂತ ಮುಖ ಪೂರ್ತಿ ಮೂರು ಮಿ.ಮೀ. ಕೆತ್ತಿಸಿದರೆ ಕಾಲು ಭಾಗ ಹೋಯಿತು. ಹೋದದ್ದು ಎಲ್ಲಕ್ಕಿಂತ ಗಟ್ಟಿಯಾದ ಮೇಲಿನ ಪದರ. ಉಕ್ಕಿನ ಹದ ಆಳಕ್ಕೆ ಹೋದಂತೆ ಕಡಿಮೆಯಾಗುತ್ತದೆ. ಅಂಚಿಗೆ ವೆಲ್ಡಿಂಗ್ ಮಾಡಿಸುವುದೂ ಅಷ್ಟೇ ಅಪಾಯ: ಸರಿಯಾಗಿ ಮುಂಚೆ ಕಾಯಿಸದೆ ಮಾಡಿದರೆ ವೆಲ್ಡಿನ ಪಕ್ಕದಲ್ಲೇ ಬಿರುಕು ಬರುತ್ತದೆ, ಸುತ್ತಲಿನ ಉಕ್ಕು ಮೆತ್ತಗಾಗುತ್ತದೆ. ಚೂಪಾದ ಚಕ್ಕೆ ಕೈಗೆ ಚುಚ್ಚುತ್ತಿದ್ದರೆ ಅಷ್ಟನ್ನು ಮಾತ್ರ ಅರದಿಂದ ಸವರಿ.

ಎಣ್ಣೆ, ಮೇಣ, ಜಾಗ

ಸೊಂಟಕ್ಕೂ ಪಾದಕ್ಕೂ ಕುದಿಸಿದ ಅಗಸೆ ಎಣ್ಣೆಯ ತೆಳು ಕೈ ಸಾಕು. ಹಚ್ಚಿ, ಹದಿನೈದು ನಿಮಿಷ ಬಿಟ್ಟು, ಮಿಕ್ಕಿದ್ದನ್ನು ಪೂರ್ತಿ ಒರೆಸಿ. ದಪ್ಪಗೆ ಬಿಟ್ಟರೆ ಅಂಟಂಟಾಗಿ ಧೂಳು ಹಿಡಿಯುತ್ತದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಅಗಸೆ ಎಣ್ಣೆಯ ಬಟ್ಟೆ ತಾನಾಗಿಯೇ ಕಾದು ಹೊತ್ತಿಕೊಳ್ಳುತ್ತದೆ. ಬಯಲಿನಲ್ಲಿ ಹರವಿ ಒಣಗಿಸಿ, ಇಲ್ಲವೇ ನೀರು ತುಂಬಿದ ಡಬ್ಬಿಗೆ ಹಾಕಿ.

ಬರೀ ನೋಡಲು ಇಡುವುದಾದರೆ ಮೇಣ ಇನ್ನೂ ಚೆಂದ. ವಸ್ತು ಸಂಗ್ರಹಾಲಯಗಳಲ್ಲಿ ಮೈಕ್ರೋಕ್ರಿಸ್ಟಲಿನ್ ಮೇಣ ಬಳಸುತ್ತಾರೆ. ಅಡಿಗಲ್ಲನ್ನು ಬಿಸಿಲಿನಲ್ಲಿಟ್ಟು ಕೈಗೆ ಬೆಚ್ಚಗಾದ ಮೇಲೆ ಹಚ್ಚಿದರೆ ಸಣ್ಣ ಗುಳಿಗಳಿಗೂ ಇಳಿಯುತ್ತದೆ. ಮುಖಕ್ಕೆ ಆಗಾಗ ಮೆಷಿನ್ ಎಣ್ಣೆ ಒರೆಸಿ. ಬರಿಗೈಯಲ್ಲಿ ಮುಖ ಮುಟ್ಟಿದರೆ ಬೆವರಿನ ಉಪ್ಪಿಗೆ ಬೆರಳಚ್ಚಿನ ಆಕಾರದಲ್ಲೇ ತುಕ್ಕು ಬರುತ್ತದೆ. ಬಣ್ಣ, ವಾರ್ನಿಷ್ ಬೇಡ.

ನೆಲದ ಮೇಲೆ ಅಥವಾ ಕಾಂಕ್ರೀಟಿನ ಮೇಲೆ ನೇರವಾಗಿ ಇಡಬೇಡಿ, ತೇವ ಕೆಳಗಿನಿಂದ ಏರುತ್ತದೆ. ಒಣಗಿದ ಮರದ ಕೊರಡಿನ ಮೇಲಿಡಿ, ನಡುವೆ ರಬ್ಬರ್ ಹಾಳೆ ಹಾಕಿ. ಹಸಿ ಮರವಂತೂ ಬೇಡವೇ ಬೇಡ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ತಳ ಎತ್ತಿ ನೋಡಿ. ಪ್ಲಾಸ್ಟಿಕ್ ಸುತ್ತಿಟ್ಟರೆ ಒಳಗೇ ಬೆವರುತ್ತದೆ, ಹತ್ತಿ ಬಟ್ಟೆ ಹೊದಿಸಿ.

ಬಳಸುವ ಆಸೆ ಇದ್ದರೆ ಬಳಸಿ. ಅಡಿಗಲ್ಲು ಇರುವುದೇ ಅದಕ್ಕೆ. ಬಿಸಿ ಕಬ್ಬಿಣದ ಕೆಲಸ ಮಾತ್ರ ಮಾಡಿ. ಬರಿ ಮುಖಕ್ಕೆ ಸುತ್ತಿಗೆ ಹೊಡೆಯಬೇಡಿ, ಚಕ್ಕೆ ಸಿಡಿದು ಕಣ್ಣಿಗೆ ಬೀಳಬಹುದು. ಕನ್ನಡಕ ಹಾಕಿಕೊಳ್ಳಿ. ತುಂಬಾ ಚಳಿ ಇದ್ದ ದಿನ ಮೊದಲು ಬಿಸಿ ಕಬ್ಬಿಣದ ತುಂಡೊಂದನ್ನು ಮುಖದ ಮೇಲಿಟ್ಟು ಸ್ವಲ್ಪ ಬೆಚ್ಚಗಾಗಲು ಬಿಡಿ. ನಾದ ಕಿವಿ ಚುಚ್ಚುತ್ತಿದ್ದರೆ ಹಿಮ್ಮಡಿಯ ಅಡಿಗೆ ಒಂದು ದೊಡ್ಡ ಅಯಸ್ಕಾಂತ ಅಂಟಿಸಿ ಅಥವಾ ಸೊಂಟಕ್ಕೆ ಸರಪಳಿ ಸುತ್ತಿ.

ಬರೆದಿಡುವುದು

ಒಂದು ಅಡಿಗಲ್ಲಿಗೆ ಒಂದು ಪುಟ. ತೂಕ, ಅಳತೆ, ಎರಡೂ ಪಕ್ಕದ ಮತ್ತು ತಳದ ಫೋಟೋ, ಇದ್ದಿಲು ಉಜ್ಜಿದ ಕಾಗದ, ಗುಂಡು ಎಲ್ಲೆಲ್ಲಿ ಎಷ್ಟು ಎದ್ದಿತು, ಬಿರುಕಿನ ಗೆರೆ. ಯಾರಿಂದ ಬಂತು, ಅವರ ಮನೆಯಲ್ಲಿ ಯಾರು ಕೆಲಸ ಮಾಡುತ್ತಿದ್ದರು, ಏನು ಮಾಡುತ್ತಿದ್ದರು ಅಂತ ಕೇಳಿ ಬರೆದುಕೊಳ್ಳಿ. ಕೊಡುವ ದಿನವೇ ಕೇಳಿ, ಆಮೇಲೆ ಸಿಗುವುದಿಲ್ಲ. ಕಳುವಿನ ಮಾಲು ಅಲ್ಲ ಅನ್ನುವುದಕ್ಕೆ ಅವರ ಕೈಯಲ್ಲೇ ಒಂದು ಚೀಟಿ ಬರೆಸಿಕೊಳ್ಳಿ. ನೀವು ಏನೇನು ಮಾಡಿದಿರಿ ಅನ್ನುವುದೂ ಆ ಪುಟದಲ್ಲಿ ಇರಬೇಕು: ಯಾವ ಎಣ್ಣೆ, ಯಾವ ದಿನ, ಎಲ್ಲಿ ಅರ ಆಡಿಸಿದ್ದು.

ನನ್ನ ಮೊದಲ ಅಡಿಗಲ್ಲಿನ ಪುಟದಲ್ಲಿ ತೂಕದ ಸಾಲು ಹೀಗಿದೆ: "1·2·__ . ಮೂರನೇ ಅಂಕೆ 9 ಅಥವಾ 10 ಇದ್ದಿರಬಹುದು. ನಾನೇ ಗ್ರೈಂಡರ್‌ನಲ್ಲಿ ಅಳಿಸಿದ್ದು."